ಹಾಲುಮರಿ ಅಂದ್ರ ಎಷ್ಟ ನಗ?

ಹೋದ ಐತವಾರ ಸಂತ್ಯಾಗ ಮರಿ ಸಮೇತ ಮೂರು ಕುರಿ ಹಿಡದೆ, ಒಂದರದ್ದು ಅವಳಿ, ಅಂದ್ರ ಮೂರು ತಾಯಿ ನಾಕು ಮರಿ. ಒಟ್ಟ ಏಳು ನಗ, ಅಂದ್ರ ಏಳು ತಲಿ, ಅಂತೀರಲ್ಲ? ನೀವು ಸಾಲಿ ಕಲ್ತವ್ರು, ಮಹಾರಾಷ್ಟ್ರ ಗಡಿಯಾಗಿನ ನಮ್ಮ ಜತ್ ತಾಲೂಕಿನ ಕಡೆ ಲೆಕ್ಕ ಹಂಗಿಲ್ಲ.

ದಲಾಲ ಯಾರಿಗೂ ಕಾಣದಂಗ ರೇಟ್ ಹೇಳಾಕ ಟಾವೆಲ್ ಒಳಗ ನನ್ನ ಬೆರಳ ಹಿಡದು ಏನ್ ಅಂದ ಗೊತ್ತೇನ್ರಿ, "ಮಾವಾ, ಮರಿ ರೊಕ್ಕ ನಾ ಕೇಳೇ ಇಲ್ಲ, ಅವು ಪುಕಟ್." ಪುಕಟ್ ಮರಿದೆಲ್ಲ ತಾಯಿ ರೇಟಿನ್ಯಾಗ ಹೊಕ್ಕು ಕುಂತಿತ್ತು ಆ ಮಾತ ಬ್ಯಾರೆ. ಬಾಜೂಕ ಒಂದ್ ಮರಿಗೆ ಮೂಗು ಗಿಳಿ ಕೊಕ್ಕಿನಂಗ ಬಾಗಿತ್ತು, ಮಾಡಗ್ಯಾಳ ತಳಿ, ಅಲ್ಲಿ ಅದ ದಲಾಲ ಮರಿಗೆ ರೇಟ್ ಹೇಳಿ ತಾಯಿ ಪುಕಟ್ ಅಂತಿದ್ದ! ಅವಂದೇನ್ ತಪ್ಪು, 2020ರಾಗ ಆಟಪಾಡಿ ಜಾತ್ರ್ಯಾಗ ಇಂಥದ ಮೂಗಿನ ಒಂದ್ ಟಗರಿಗೆ 70 ಲಕ್ಷ ಕೊಡ್ತೀನಿ ಅಂದ್ರೂ ಮಾಲೀಕ ಒಲ್ಲೆ ಅಂದಿದ್ನಲ್ಲ.

ಸಂತಿ ಗೇಟಿಗೆ ಬಂದೆ. ಸಂತಿ ಕರದ ಪಾವತಿ ಹರಿಯಾಂವ ಏಳು ನಗ ಅಂತ ಬರದ. ಸಾಹೇಬ್ರ ಇವು ಹಾಲುಮರಿ ರೀ, ಇನ್ನ ಹುಲ್ಲ ಸೈತ ಮೂಸಿಲ್ಲ ಅಂದೆ. "ನಾಕ್ ಕಾಲ ಅದಾವಿಲ್ಲೋ? ನಗ ಅಂದ್ರ ನಗ." ಟೆಂಪೋದಾಂವ ಏನೋ ಪುಣ್ಯಾತ್ಮ, ಬಾಡಿಗಿ ಲೆಕ್ಕಕ್ಕ ಎರಡ್ ಮರಿಗೆ ಒಂದ್ ಕುರಿ ಅಂದ.

ರೊಕ್ಕ ಕೊಡೂ ಮುಂದ ಇಷ್ಟ ದೊಡ್ಡದಾದ ಮರಿ, ತೊಗೊಳೂ ಮುಂದ ಮಾಯ ಆಗ್ತೈತಿ ನೋಡ್ರಿ. ನಮ್ಮ ಮಹಾರಾಷ್ಟ್ರದ ಮಹಾಮೇಷ ಯೋಜನ್ಯಾಗ 20 ಕುರಿ 1 ಟಗರು, ಶೇ 75 ಸಬ್ಸಿಡಿ, ಆ ಇಪ್ಪತ್ತೊಂದರಾಗ ಕೆಚ್ಚಲ ಕೆಳಗಿನ ಮರಿ ಎಲ್ಲಿ ನಿಲ್ಲಬೇಕು? ಗಡಿ ಆಚೆ ಕರ್ನಾಟಕದಾಗ ನಮ್ಮ ಬೀಗರಿಗೆ ಅನುಗ್ರಹ ಯೋಜನೆ ಐತಿ, ಕುರಿ ಸತ್ರ ಪರಿಹಾರ, 2025ರ ಬಜೆಟ್‌ನ್ಯಾಗ ದೊಡ್ಡ ಕುರಿಗೆ 7,500 ಮಾಡಿದ್ರು, 3 ರಿಂದ 6 ತಿಂಗಳ ಮರಿಗೆ 5,000. ಮೂರು ತಿಂಗಳೊಳಗಿಂದಕ್ಕ ಏನೂ ಇಲ್ಲ. ಅಂದ್ರ ಹಾಲುಮರಿ ಸಾಯೂದಿದ್ರ ಕ್ಯಾಲೆಂಡರ್ ನೋಡ್ಕೊಂಡ ಸಾಯಬೇಕು.

(ನಮ್ಮ ಊರುಗಳದ್ದೂ ಅದ ಹಾಡ. 2012ರಾಗ ನೀರಿಲ್ಲ, ಕರ್ನಾಟಕಕ್ಕ ಹೊಕ್ಕೀವಿ ಅಂತ 40 ಹಳ್ಳಿ ಠರಾವು ಮಾಡಿದ್ರ ಯಾರೂ ಕೇಳಲಿಲ್ಲ, 2022ರಾಗ ಒಮ್ಮೆಲೆ ಎರಡೂ ಕಡೆ ಸರ್ಕಾರ ತಾಯಂದಿರಂಗ ಜತ್ ನಂದು ಜತ್ ನಂದು ಅಂತ ಒದರಾಕತ್ರು. ಕುರಿ ಆದ್ರ ಬಾಲ ಮೂಸಿ ತನ್ನ ಮರಿ ಯಾವ್ದು ಅಂತ ಗುರ್ತ ಹಿಡೀತೈತಿ, ಹಾಲೂ ಬಿಡ್ತೈತಿ.)

ಮನಿಗೆ ಬಂದ ಕೂಡ್ಲೆ ಅವ್ವ ಎಷ್ಟ ತಂದೀಯೋ ಅಂದ್ಳು. ಗೇಟಿಗೆ ಏಳು, ಟೆಂಪೋಕ್ಕ ಐದು, ಸರ್ಕಾರಕ್ಕ ಮೂರು ಅಂದೆ. ಅವ್ವ ಮಾತಾಡ್ಲಿಲ್ಲ, ಮರಿ ಬಿಟ್ಳು. ಒಂದ್ ಕುರಿ, ಮರಿ ಬಾಲ ಮೂಸಿದ್ದ ತಡ, ಗುದ್ದಿ ದೂಡ್ತು, ಕೆಚ್ಚಲದಾಗಿಂದು, ಮರಿ ತಾಯಿ ಅಂತ ಕಾಣಲಿ ಅಂತ ದಲಾಲ ಮುಂಜಾನಿಂದ ಹಿಂಡದ ಕಟ್ಟಿ ಇಟ್ಟಿದ್ದ ಹಾಲು.

"ಇದು ಯಾರದ್ದೋ ಮರಿ ಐತಿ," ಅಂದ್ಳು, "ಇದನ್ನ ಯಾವ ಲೆಕ್ಕಕ್ಕ ಬರೀತಿ?"