ಚಾಮ್ವೆ ಬೀಜ ತಿಂದರೆ ಹೊಟ್ಟೆ ಕೆಡುತ್ತದೆಯೇ?

ಕೊರಿಯಾದ ಹಳದಿ ಹಣ್ಣು ಚಾಮ್ವೆಯ ಬೀಜ ತಿಂದರೆ ಭೇದಿಯಾಗುತ್ತದೆ, ಒಳಗಿನದ್ದನ್ನೆಲ್ಲ ಕೆರೆದು ಎಸೆಯಬೇಕು ಎಂಬ ಸಂದೇಶವೊಂದು ಹರಿದಾಡುತ್ತಿದೆ. ಇದು ಸರಿಯಲ್ಲ.

ಚಾಮ್ವೆ ನಮ್ಮ ಕರಬೂಜದ, ಕರಾವಳಿಯ ಇಬ್ಬುಡ್ಲ ಹಣ್ಣಿನ ಜಾತಿಯದೇ. ಹಳದಿ ಸಿಪ್ಪೆಯ ಮೇಲೆ ಬಿಳಿ ಪಟ್ಟೆ, ಕಚ್ಚಿದರೆ ಸೌತೆಯಂತೆ ಗರಿಗರಿ. ಕೊರಿಯಾದಲ್ಲಿ ಇದರ ಬಹುಪಾಲು ಬೆಳೆ ಉತ್ತರ ಗ್ಯಾಂಗ್‌ಸಾಂಗ್ ಪ್ರಾಂತ್ಯದ ಸೊಂಗ್‌ಜು ಸೀಮೆಯದು. ವಸಂತದಿಂದ ಬೇಸಿಗೆಯವರೆಗೆ ಹಣ್ಣಿನ ಸುಗ್ಗಿ. ಅಲ್ಲಿ ಅನೇಕರು ಸಿಪ್ಪೆ ಹೆರೆದು, ಬೀಜದ ಸಮೇತ ಹೋಳು ಮಾಡಿ ತಿನ್ನುತ್ತಾರೆ. ಬೀಜಕ್ಕೆ ಅಂಟಿದ ಲೋಳೆ ತಿರುಳೇ ಹೆಚ್ಚು ಸಿಹಿ. ಅದನ್ನು ಎಸೆದರೆ ಹಣ್ಣಿನ ಸವಿಯೇ ಹೋದಂತೆ, ನನಗಂತೂ ಅದು ನೋವಿನ ಸಂಗತಿ. ಅಗಿಯದೆ ನುಂಗಿದ ಬೀಜ ಸಾಮಾನ್ಯವಾಗಿ ಹಾಗೆಯೇ ಹೊರಬೀಳುತ್ತದೆ.

ಹಾಗಾದರೆ ಈ ಭಯ ಬಂದದ್ದೆಲ್ಲಿಂದ? ಕೆಟ್ಟ ಹಣ್ಣಿನಿಂದ ಇರಬಹುದು. ಹಣ್ಣು ಹಾಳಾಗುವಾಗ ನೀರುನೀರಾದ ಈ ನಡುಭಾಗ ಬೇಗ ಹುಳಿಯುತ್ತದೆ, ಅದನ್ನು ತಿಂದರೆ ಹೊಟ್ಟೆ ಕೆಡುವುದು ಸಹಜ. ಕೊಳ್ಳುವವರು ಹಣ್ಣನ್ನು ನೀರಿಗೆ ಹಾಕಿ ನೋಡುವುದೂ ಇದಕ್ಕೇ: ಒಳಗೆ ನೀರು ತುಂಬಿದ್ದು ಮುಳುಗುತ್ತದೆ, ಒಳ್ಳೆಯದು ತೇಲುತ್ತದೆ. ಕತ್ತರಿಸಿದಾಗ ಹುಳಿ ವಾಸನೆ ಬಂದರೆ ಇಡೀ ಹಣ್ಣನ್ನೇ ಬಿಸಾಡಿ.