ನಮ್ಮ ತಂಡ ಚೆನ್ನಾಗಿ ಹೆಪ್ಪುಗಟ್ಟಿದೆ

ನಮ್ಮ ಮ್ಯಾನೇಜರಿಗೆ ಇಂಗ್ಲಿಷಿನ ‘ಜೆಲ್’ ಅನ್ನುವ ಪದ ಒಂದು ಚಟ. ಒಬ್ಬರಿಗೊಬ್ಬರು ಹೊಂದಿಕೊಂಡು ಒಂದಾಗುವುದು ಅಂತ ಅವರ ಅರ್ಥ. ಇಬ್ಬರು ಮುಖ ತಿರುಗಿಸಿಕೊಂಡು ಕೂತರೆ ‘ಜೆಲ್ ಆಗ್ತಿಲ್ಲ’. ಯೋಚನೆ ಅರ್ಧಂಬರ್ಧ ಇದ್ದರೆ ‘ಇನ್ನೂ ಜೆಲ್ ಆಗಿಲ್ಲ’. ಹೊಸ ಹುಡುಗನೊಬ್ಬ ಸೇರಿ ಎರಡೇ ದಿನಕ್ಕೆ ‘ಜೆಲ್ ಆದ್ಯೇನಪ್ಪಾ?’ ಅಂದರು. ಪಾಪ, ಅವನು ತಲೆಗೂದಲು ಮುಟ್ಟಿ ನೋಡಿಕೊಂಡ.

ಮೊನ್ನೆ ಅವರ ಇಂಗ್ಲಿಷ್ ಇಮೇಲನ್ನು ಕನ್ನಡ ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಮನೆಗೆ ಹೊರಡುವ ಹೊತ್ತು. ಅನುವಾದದ ಆ್ಯಪಿಗೆ ಹಾಕಿದೆ, ಬಂದದ್ದನ್ನು ಓದದೆ ಇಡೀ ಆಫೀಸಿಗೆ ಕಳಿಸಿದೆ. ಮೂರನೇ ಸಾಲು ಹೀಗಿತ್ತು: ‘ಆರು ತಿಂಗಳಲ್ಲಿ ನಮ್ಮ ತಂಡ ಚೆನ್ನಾಗಿ ಹೆಪ್ಪುಗಟ್ಟಿದೆ. ಎಲ್ಲರಿಗೂ ಅಭಿನಂದನೆ.’

ಉತ್ತರಗಳು ಶುರುವಾದವು. ‘ಹೆಪ್ಪು ಹಾಕಿದ್ದು ಯಾರು ಸಾರ್?’ ‘ಬೇಗ ಡಾಕ್ಟರಿಗೆ ತೋರಿಸಿ.’ ‘ಫ್ರಿಜ್ಜಿನಲ್ಲಿಡಿ, ಹುಳಿ ಬಂದೀತು.’ ಲೆಕ್ಕಪತ್ರದವರದು ಇನ್ನೂ ಒಂದು ಕೈ ಮೇಲೆ: ‘ನಮ್ಮ ವಿಭಾಗ ಇನ್ನೂ ನೀರುನೀರಾಗಿದೆ. ನಿಮ್ಮವರನ್ನು ಒಂದು ಚಮಚ ಕಳಿಸಿಕೊಡಿ.’ ಮ್ಯಾನೇಜರ್ ಮಾತ್ರ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರು. ಅವರು ಓದಿರಲಿಲ್ಲ. ನಾನೂ ಓದಿರಲಿಲ್ಲ, ಅದು ಬೇರೆ ಮಾತು ಬಿಡಿ.

ಆ ಆ್ಯಪಿಗೆ ನಾಲ್ಕು ಬೈಯೋಣ ಅಂತ ರಾತ್ರಿ ನಿಘಂಟು ತೆರೆದರೆ, ತಪ್ಪು ಪೂರ್ತಿ ಅದರದ್ದಲ್ಲ. 19ನೇ ಶತಮಾನದಲ್ಲಿ ಥಾಮಸ್ ಗ್ರಹಾಂ ಎಂಬ ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ‘ಜೆಲಾಟಿನ್’ (ತಣ್ಣಗಾದರೆ ಗಟ್ಟಿಯಾಗುವ ಅಂಟಿನಂಥ ವಸ್ತು) ಪದದ ಬಾಲ ಕತ್ತರಿಸಿ ‘ಜೆಲ್’ ಮಾಡಿದನಂತೆ. ಬೇರು ಹುಡುಕಿದರೆ ಲ್ಯಾಟಿನ್ನಿನಲ್ಲಿ ಮಂಜುಗಟ್ಟುವುದು ಅಂತ ಅರ್ಥ. ಅಂದರೆ ನಮ್ಮ ತಂಡ ಒಂದೋ ಹೆಪ್ಪುಗಟ್ಟಬೇಕು, ಇಲ್ಲ ಮರಗಟ್ಟಬೇಕು. ಸೋಮವಾರ ಬೆಳಗ್ಗೆ ನೋಡಿದರೆ ಎರಡನೆಯದೇ ಸರಿ ಅನಿಸುತ್ತದೆ.

ಇನ್ನೊಂದು ತಮಾಷೆ. ರಕ್ತ ಹೆಪ್ಪುಗಟ್ಟುವುದಕ್ಕೆ ಇಂಗ್ಲಿಷಿನಲ್ಲಿ ‘ಕೋಆಗ್ಯುಲೇಟ್’ ಅನ್ನುತ್ತಾರಲ್ಲ, ಅದರ ಲ್ಯಾಟಿನ್ ಮೂಲವೂ ಹಾಲನ್ನು ಗಟ್ಟಿ ಮಾಡಲು ಹಾಕುವ ವಸ್ತುವಿನ ಹೆಸರೇ. ಅಂದರೆ ಹೆಪ್ಪೇ! ಅಲ್ಲೂ ಇಲ್ಲೂ ಹಾಲಿನ ಪಾತ್ರೆಯಿಂದಲೇ ಪದ ನೆತ್ತರಿಗೆ ಹೋಗಿದೆ. ಇದನ್ನು ಓದಿ ಸುಮ್ನೆ ಸ್ವಲ್ಪ ಹೊತ್ತು ಕೂತೆ. ಅಮ್ಮ ಹೆಪ್ಪು ಹಾಕಿ, ತಟ್ಟೆ ಮುಚ್ಚಿ, ‘ಬೆಳಗಿನವರೆಗೂ ಯಾರೂ ಮುಟ್ಟಬೇಡಿ, ಅಲ್ಲಾಡಿದ್ರೆ ಗಟ್ಟಿಯಾಗಲ್ಲ’ ಅನ್ನುತ್ತಿದ್ದಳು. ನಾನು ಕದ್ದು ತಟ್ಟೆ ಎತ್ತಿ ನೋಡಿ ಬೈಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಫೋನ್ ಟಿಣ್ ಅಂದಿತು. ನಾಳೆ ಹತ್ತು ಗಂಟೆಗೆ ಮೀಟಿಂಗ್, ಎಲ್ಲರೂ ಬರಲೇಬೇಕು. ವಿಷಯ: ನಾವು ಜೆಲ್ ಆಗಿದ್ದೇವೆಯೇ? ಈ ವಾರದಲ್ಲಿ ಇದು ಮೂರನೆಯದು.