ಯೂರಿಯಾ ಚೀಲದ ಪಕ್ಕ ಬ್ಯಾಕ್ಟೀರಿಯಾ ಇಟ್ಟರೆ ಬದುಕುತ್ತಾ?

"ಜೈವಿಕ ಗೊಬ್ಬರ ಹಾಕ್ದೆ, ಭತ್ತಕ್ಕೆ ಏನೂ ಆಗ್ಲಿಲ್ಲ." ನಮ್ಮ ಮಂಡ್ಯ ಕಡೆ ಪ್ರತಿ ನಾಟಿ ಕಾಲದಲ್ಲೂ ಈ ಮಾತು ಕೇಳಿಸುತ್ತದೆ. ಜೈವಿಕ ಗೊಬ್ಬರ ಅಂದರೆ ಪೈರಿಗೆ ಪೋಷಕಾಂಶ ಒದಗಿಸುವ ಜೀವಂತ ಸೂಕ್ಷ್ಮಜೀವಿಗಳು. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಗದ್ದೆಗೆ ಬಿದ್ದದ್ದು ಜೀವ ಇದ್ದ ಗೊಬ್ಬರವೋ, ಸತ್ತ ಪುಡಿಯೋ? ಅದನ್ನು ಯಾರೂ ಕೇಳುವುದಿಲ್ಲ.

ಅಜೋಸ್ಪಿರಿಲಂ ಅನ್ನುವ ಬ್ಯಾಕ್ಟೀರಿಯಾದ ಪ್ಯಾಕೆಟ್‌ನಲ್ಲಿ ಕಪ್ಪು ಪುಡಿ ಇರುತ್ತದಲ್ಲ, ಅದು ಹೆಚ್ಚಾಗಿ ಲಿಗ್ನೈಟ್, ಒಂದು ಬಗೆಯ ಕಲ್ಲಿದ್ದಲು. ಬ್ಯಾಕ್ಟೀರಿಯಾಕ್ಕೆ ಕೂರುವ ಜಾಗ ಅಷ್ಟೇ, ಅದರಿಂದ ಪೈರಿಗೆ ಏನೂ ಸಿಗುವುದಿಲ್ಲ. ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಭತ್ತದ ಬೇರಿಗೆ ಅಂಟಿಕೊಂಡು ಗಾಳಿಯ ಸಾರಜನಕ ಹಿಡಿಯುತ್ತದೆ, ಬೇರು ಚೆನ್ನಾಗಿ ಹರಡುವಂತೆ ಮಾಡುತ್ತದೆ. ಜೊತೆಗೆ ಕೊಡುವ ಪಿಎಸ್‌ಬಿ ಅನ್ನುವ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ, ಮಣ್ಣಿಗೆ ಕಚ್ಚಿಕೊಂಡು ಕೂತ ರಂಜಕವನ್ನು ಆಮ್ಲ ಬಿಟ್ಟು ಕರಗಿಸುತ್ತದೆ. ವರ್ಷಗಟ್ಟಲೆ ರಂಜಕದ ರಸಗೊಬ್ಬರ ಡಿಎಪಿ ಸುರಿದ ಗದ್ದೆಗಳಲ್ಲಿ ಇಂಥ ರಂಜಕ ಬೇಕಾದಷ್ಟಿದೆ.

2006ರಲ್ಲೇ ಜೈವಿಕ ಗೊಬ್ಬರವನ್ನು ರಸಗೊಬ್ಬರ ನಿಯಂತ್ರಣ ಆದೇಶದಡಿ ತಂದರು. ಪುಡಿಯಾದರೆ ಗ್ರಾಂಗೆ ಕನಿಷ್ಠ 5 ಕೋಟಿ, ದ್ರವವಾದರೆ ಮಿಲಿಗೆ 10 ಕೋಟಿ ಜೀವಕೋಶ ಇರಬೇಕು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅಂಗಡಿಯಲ್ಲಿ? ತಗಡಿನ ಛಾವಣಿಯ ಗೋದಾಮಿನಲ್ಲಿ, ಯೂರಿಯಾ ಚೀಲದ ಮಗ್ಗುಲಲ್ಲಿ, ಏಪ್ರಿಲ್ ಬಿಸಿಲೆಲ್ಲ ಕುಡಿದು ಜುಲೈನಲ್ಲಿ ರೈತನ ಕೈ ಸೇರುತ್ತದೆ. ಹಾಲಿನ ಪ್ಯಾಕೆಟ್ ಹೀಗೆ ಇಟ್ಟರೆ ಯಾರಾದರೂ ಕೊಳ್ಳುತ್ತಾರಾ? ಹಾಲು ಕೆಟ್ಟರೆ ವಾಸನೆ ಬರುತ್ತದೆ, ಇದು ಸತ್ತರೂ ಅದೇ ಕಪ್ಪು ಪುಡಿ.

ಇನ್ನು ಬಳಸುವ ರೀತಿ. ನಾಟಿ ದಿನ ಗದ್ದೆ ಮೂಲೆಯಲ್ಲಿ ಸಣ್ಣ ಗುಂಡಿ ತೋಡಿ, ಟಾರ್ಪಾಲು ಹಾಸಿ, ನೀರಿಗೆ ಪುಡಿ ಕಲಸಬೇಕು. ಪೈರಿನ ಕಟ್ಟುಗಳನ್ನು ಬೇರು ಮುಳುಗುವ ಹಾಗೆ ಸಾಲಾಗಿ ನಿಲ್ಲಿಸಿ ಸುಮಾರು ಅರ್ಧ ಗಂಟೆ ಬಿಡಬೇಕು. ನಾಟಿಗೆ ಬಂದ ಹೆಂಗಸರು ಅಷ್ಟು ಹೊತ್ತು ಸುಮ್ನೆ ಕೂರುತ್ತಾರಾ? "ಏನಣ್ಣಾ ಇದು, ಕೈಯೆಲ್ಲ ಮಸಿ, ಬಿಸ್ಲು ಬೇರೆ ಏರ್ತಾ ಅದೆ" ಅಂತ ಶುರುವಾಗುತ್ತದೆ. ಕೊನೆಗೆ ಎರಡು ನಿಮಿಷ ಅದ್ದಿ ತೆಗೆಯುವುದು, ಉಳಿದ ಪುಡಿಯನ್ನು ಯೂರಿಯಾ ಜೊತೆಗೇ ಕಲಸಿ ಎರಚುವುದು. ಅಲ್ಲಿಗೆ ಮುಗೀತು. ಯೂರಿಯಾ ಜೊತೆ ಕಲಸಿದರೆ ಬ್ಯಾಕ್ಟೀರಿಯಾ ತಾಳುವುದಿಲ್ಲ. ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ, ಸಂಜೆ ಹೊತ್ತು ಎರಚಿದ್ದರೆ ಉಳಿದುಕೊಳ್ಳುತ್ತಿತ್ತು.

ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ ಅಜೋಲ್ಲಾ ವಿಷಯಕ್ಕೆ ನನಗೆ ಸ್ವಲ್ಪ ಪಕ್ಷಪಾತ ಇದೆ, ಒಪ್ಪುತ್ತೇನೆ. ಕಣ್ಣಿಗೆ ಕಾಣುತ್ತದೆ, ಮೋಸ ಮಾಡಲು ಆಗುವುದಿಲ್ಲ. ಎಲೆಯೊಳಗಿನ ಪೊಟರೆಯಲ್ಲಿ ನೀಲಿ ಹಸಿರು ಪಾಚಿ ಕೂತು ಸಾರಜನಕ ಹಿಡಿಯುತ್ತದೆ. ಭತ್ತದ ಗದ್ದೆಗೆ ಇಂಥ ಪಾಚಿ ಸಾರಜನಕ ಕೊಡುತ್ತದೆ ಅಂತ ನಮ್ಮ ದೇಶದ ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ತೋರಿಸಿದ್ದರು. ಚೆನ್ನಾಗಿ ಬೆಳೆದ ಅಜೋಲ್ಲಾವನ್ನು ಮಣ್ಣಿಗೆ ತುಳಿದರೆ ಹೆಕ್ಟೇರಿಗೆ 20ರಿಂದ 40 ಕಿಲೋ ಸಾರಜನಕ ಸಿಗುತ್ತದೆ, ಕಳೆಯೂ ಕಮ್ಮಿ. ತುಳಿಯಲೇಬೇಕು, ಸುಮ್ನೆ ತೇಲಿಕೊಂಡಿದ್ದರೆ ಪೈರಿಗೆ ಹೆಚ್ಚೇನೂ ಸಿಗುವುದಿಲ್ಲ.

ಆದರೆ ನಮ್ಮ ನಾಲೆ ಬಯಲಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಡುವ ವರ್ಷ ಇದು ನಡೆಯುವುದು ಕಷ್ಟ. ನೀರು ಬತ್ತಿದರೆ ಅಜೋಲ್ಲಾ ಒಣಗುತ್ತದೆ, ನೀರು ಬಂದಾಗ ಕೆಳಗಿನ ಗದ್ದೆಗೆ ಕೊಚ್ಚಿಕೊಂಡು ಹೋಗುತ್ತದೆ. ಪಕ್ಕದ ಗದ್ದೆಯವನಿಗೆ ಪುಕ್ಕಟೆ ಗೊಬ್ಬರ! ಅಂಥ ಕಡೆ ನಾಟಿಗೆ ಮುಂಚೆ ಹಸಿರೆಲೆ ಗೊಬ್ಬರದ ಬೆಳೆ ಡಯಾಂಚ ಬಿತ್ತಿ ಹೂ ಬರುವ ಹೊತ್ತಿಗೆ ಉತ್ತು ಕೊಳೆಸುವುದೇ ವಾಸಿ.

ಯೂರಿಯಾ ಪೂರ್ತಿ ಬಿಡಿ ಅಂತ ನಾನು ಹೇಳುವುದಿಲ್ಲ. ನೀರಾವರಿ ಭತ್ತಕ್ಕೆ ಎಕರೆಗೆ 40 ಕಿಲೋ ಸಾರಜನಕ ಅಂತ ಶಿಫಾರಸು. ಅದರಲ್ಲಿ ಕಾಲು ಭಾಗ ಇಳಿಸಿ ನೋಡಬಹುದು, ಅದೂ ಮೊದಲು ಒಂದು ಮಡಿಯಲ್ಲಿ ಮಾತ್ರ. 45 ಕಿಲೋ ಚೀಲ 266 ರೂಪಾಯಿ 50 ಪೈಸೆಗೆ ಸಿಗುವಾಗ ಕೈ ಬಿಗಿ ಮಾಡುವುದು ಕಷ್ಟ, ಗೊತ್ತು. ಆದರೆ ಜಾಸ್ತಿ ಯೂರಿಯಾ ತಿಂದ ಕಡುಹಸಿರು ಗದ್ದೆಗೇ ಬೆಂಕಿ ರೋಗ, ಕಂದು ಜಿಗಿಹುಳು ಮೊದಲು ಹತ್ತುತ್ತದೆ. ಔಷಧಿ ಖರ್ಚನ್ನು ಯಾರೂ ಯೂರಿಯಾ ಲೆಕ್ಕಕ್ಕೆ ಸೇರಿಸುವುದಿಲ್ಲ, ಅಲ್ವಾ?

ನನ್ನ ಒತ್ತಾಯ ಒಂದೇ. ಜೈವಿಕ ಗೊಬ್ಬರ ಕೊಡುವ ಇಲಾಖೆ ರೈತನಿಗೆ ಭಾಷಣ ಮಾಡುವ ಮೊದಲು ರೈತ ಸಂಪರ್ಕ ಕೇಂದ್ರಗಳಲ್ಲಿ ಅದನ್ನು ತಂಪಾಗಿ ಇಡುವ ವ್ಯವಸ್ಥೆ ಮಾಡಲಿ. ಅಂಗಡಿಯ ಪ್ಯಾಕೆಟ್ ಎತ್ತಿಕೊಂಡು ಹೋಗಿ ಜೀವಕೋಶ ಎಣಿಸಿ, ಫಲಿತಾಂಶವನ್ನು ಹೋಬಳಿ ಬೋರ್ಡಿನಲ್ಲಿ ಹಾಕಲಿ. ಅಲ್ಲಿಯವರೆಗೆ ತಯಾರಾದ ತಾರೀಖು ನೋಡದೆ, ಬಿಸಿಲಲ್ಲಿಟ್ಟ ಪ್ಯಾಕೆಟ್ ಕೊಳ್ಳಬೇಡಿ.